ಮಡಿ ಬಕೆಟ್ಟಿನ ತಣ್ಣೀರು

ಒಗೆದು ಒಣಗಿದ ಬಟ್ಟೆಯನ್ನು ನಾನು ಇವತ್ತಿಗೂ ಅಂಗೈಯಿಂದ ಮುಟ್ಟಿ ನೋಡುವುದಿಲ್ಲ. ಮಣಿಕಟ್ಟಿನ ಒಳಮಗ್ಗುಲಿಗೆ ತಾಗಿಸಿ ನೋಡುತ್ತೇನೆ. ಧಾರವಾಡದ ಕಾನ್ವೆಂಟಿನಲ್ಲಿ ನಮಗೆ ಹೊಲಿಗೆ ಕಲಿಸುತ್ತಿದ್ದ ಸಿಸ್ಟರ್ ಹೇಳಿಕೊಟ್ಟ ಅಭ್ಯಾಸ ಅದು. ಅಂಗೈ ದಿನವೆಲ್ಲ ದುಡಿದು ಒರಟಾಗಿರುತ್ತದೆ, ಅದಕ್ಕೆ ಎಲ್ಲ ಬಟ್ಟೆಯೂ ಒಂದೇ. ಮಣಿಕಟ್ಟಿಗೆ ಮಾತ್ರ ಬಟ್ಟೆಯ ಮನಸ್ಸು ತಿಳಿಯುತ್ತದೆ ಎನ್ನುತ್ತಿದ್ದರು. ನಮ್ಮನ್ನು ಎಳೆಬಿಸಿಲಿನಲ್ಲಿ ಸಾಲಾಗಿ ನಿಲ್ಲಿಸಿ, ಕಣ್ಣು ಮುಚ್ಚಿಸಿ, ಇದು ಮಲ್ಲೋ ಪಾಪ್ಲಿನ್ನೋ ಕೇಂಬ್ರಿಕ್ಕೋ ಎಂದು ಕೇಳುತ್ತಿದ್ದರು. ತಪ್ಪು ಹೇಳಿದವರು ಚಾಪೆಲ್ಲಿನ ಮೇಜಿನ ಬಟ್ಟೆಗೆ ಅಂಚು ಹೊಲಿಯಬೇಕಿತ್ತು. ನಾನು ಬಹಳ ಅಂಚು ಹೊಲಿದಿದ್ದೇನೆ.

ಮದುವೆಯಾಗಿ ಪುಣೆಗೆ ಬಂದ ಮೇಲೆ ಆ ವಿದ್ಯೆಯನ್ನು ಯಾರೂ ಕೇಳಲಿಲ್ಲ, ಒಂದು ಚಳಿಗಾಲವನ್ನು ಬಿಟ್ಟರೆ. ಆ ಚಳಿಗಾಲದಲ್ಲಿ ಸಂಕ್ರಾಂತಿಯ ತನಕ ನಮ್ಮ ಮನೆಯ ಬಾಲ್ಕನಿಯಲ್ಲಿ ಯಾವಾಗಲೂ ಯಾರದೋ ಒದ್ದೆ ಟವೆಲ್ಲು ತೂಗಾಡುತ್ತಿತ್ತು. ಈಗ ಅದನ್ನು ನೆನೆದರೆ ಮೊದಲು ಮೂಗಿಗೆ ಬರುವುದು ಒಂದು ಬಿಳಿ ದ್ರಾವಣದ ವಾಸನೆ, ಆಮೇಲೆ ಅತ್ತೆಯವರ ದನಿ.

ನಮ್ಮ ಮನೆಯವರು ಹಡಪಸರದ ಒಂದು ಸಣ್ಣ ಕಾರ್ಖಾನೆಯಲ್ಲಿ ಕೆಮಿಸ್ಟು. ಅಲ್ಲಿ ಫಿನೈಲು, ನೆಲ ಒರೆಸುವ ದ್ರಾವಣ, ಪಾತ್ರೆ ತಿಕ್ಕುವ ಸಾಬೂನು ತಯಾರಾಗುತ್ತಿದ್ದವು. ಶೆಡ್ಡಿನ ಮೂಲೆಯಲ್ಲಿ ಅವರಿಗೊಂದು ಕೋಣೆ: ಒಂದು ಸಿಂಕು, ಒಂದು ಕಲಕುವ ಯಂತ್ರ, ಗಾಜಿನ ಬೀಕರುಗಳು, ರಸ್ತೆ ಕಡೆಗೆ ಒಂದು ಕಿಟಕಿ. ಅದನ್ನು ಲ್ಯಾಬೊರೇಟರಿ ಎಂದು ಕರೆಯಲು ಅವರಿಗೇ ಸಂಕೋಚ, 'ನನ್ನ ಕೋಣಿ' ಎನ್ನುತ್ತಿದ್ದರು. ಆದರೆ ಆ ಕೋಣೆಗೆ ಹೋಗುವಾಗ ಅವರು ಅಂಗಿಯ ತೋಳು ಮಡಿಸಿಕೊಳ್ಳುವ ರೀತಿಯಲ್ಲಿ ಒಂದು ಹುರುಪಿತ್ತು. ಬಸ್ ಸ್ಟಾಪಿಗೆ ನಡೆಯುವ ಅವರನ್ನು ಬಾಲ್ಕನಿಯಿಂದ ನೋಡುತ್ತ ನಾನು ಅದನ್ನು ಗಮನಿಸಿದ್ದೆ.

ಒಂದು ಸಂಜೆ ಆ ತೋಳುಗಳು ಗುಂಡಿ ಹಾಕಿದಂತೆಯೇ ಇದ್ದವು. ಚಹಾದ ಕಪ್ಪು ಮುಂದಿಟ್ಟರೂ ಮುಟ್ಟಲಿಲ್ಲ.

"ಗೋದಾಮು ಮಾಡ್ತಾರಂತ," ಎಂದರು.

"ಯಾವುದನ್ನ?"

"ನನ್ನ ಕೋಣಿ. ಲೋಣಾವಳಾದ ಒಂದ್ ಹೋಟೆಲಿನವರಿಗೆ ಬಟ್ಟಿ ಮೆತ್ತಗ ಮಾಡೋ ಸಾಫ್ಟನರ್ ಬೇಕಾಗೇದ. ನೀರ್ ನೀರಾಗಿದ್ದದ್ದಲ್ಲ, ಗಟ್ಟಿದು. ಸಂಕ್ರಾಂತಿ ತನಕಾ ಅದನ್ನ ಮಾಡಿ ಕೊಟ್ರ ಕೋಣಿ ಉಳೀತದ. ಆಗ್ಲಿಲ್ಲಂದ್ರ ನಾ ಬ್ಯಾಗ್ ತಗೊಂಡು ಅಂಗಡಿ ಅಂಗಡಿಗೆ ಫಿನೈಲ್ ಮಾರ್ಲಿಕ್ಕೆ ಹೋಗಬೇಕು."

ಒಳಗೆ ಹೂಬತ್ತಿ ಹೊಸೆಯುತ್ತಿದ್ದ ಅತ್ತೆಯವರು ಅಲ್ಲಿಂದಲೇ ಅಂದರು: "ಯಾರು, ನೀನು? ಭಾಜಿ ಗಾಡಿಯಾವಗ 'ಕೊತ್ತಂಬರಿ ಹೆಂಗ' ಅಂತ ಕೇಳ್ಲಿಕ್ಕೆ ನಾಚಿಕೊಳ್ಳಾಂವ! ನೀ ಮಾರ್ಲಿಕ್ಕೆ ನಿಂತ್ರ ಜನಾ ಫುಕಟ್ ತಗೊಂಡು, ಮ್ಯಾಲೆ ಚೀಲಾನೂ ಕೇಳ್ತಾರ."

ಇವರು ನಕ್ಕರು. ಆದರೆ ಆ ಮಾತು ನಿಜವೆಂದು ನಮಗೆ ಮೂವರಿಗೂ ಗೊತ್ತಿತ್ತು.

ಗಟ್ಟಿ ಸಾಫ್ಟನರ್ ಎಂದರೆ ಏನು ಎಂಬುದನ್ನು ಅವರು ನನಗೆ ಆ ವಾರ ಅಡಿಗೆಮನೆಯ ಕಟ್ಟೆಗೆ ಒರಗಿ ನಿಂತು ವಿವರಿಸಿದರು. ಬಟ್ಟೆ ಜಾಲಿಸುವ ಕೊನೆಯ ನೀರಿಗೆ ಹಾಕುವ ಬಿಳಿ ದ್ರಾವಣ ಅದು. ಸಾಧಾರಣದ್ದರಲ್ಲಿ ನೀರೇ ಹೆಚ್ಚು; ಲಾರಿಯಲ್ಲಿ ಸುಮ್ಮನೆ ನೀರು ಹೊತ್ತಂತೆ. ಗಟ್ಟಿಯದಾದರೆ ಒಂದು ಮುಚ್ಚಳ ಸಾಕು. ಆದರೆ ಗಟ್ಟಿ ಮಾಡಿದಷ್ಟೂ ಅದು ತಣ್ಣೀರಿನ ಜೊತೆ ಜಗಳಕ್ಕೆ ನಿಲ್ಲುತ್ತದೆ. ಬಿಸಿನೀರಾದರೆ ಹಾಲಿನಂತೆ ಹರಡಿಕೊಳ್ಳುತ್ತದೆ, ತಣ್ಣೀರಿನಲ್ಲಿ ಹೆಪ್ಪುಗಟ್ಟುತ್ತದೆ. ಲೋಣಾವಳಾದ ಹೋಟೆಲಿನಲ್ಲಿ ಬಟ್ಟೆ ಜಾಲಿಸುವುದು ತಣ್ಣೀರಿನಲ್ಲಿ, ಅದೂ ಘಟ್ಟದ ಮೇಲಿನ ತಣ್ಣೀರು.

ಹದಿನೈದು ದಿನದೊಳಗೇ ಅವರು ಒಂದು ಬಾಟಲಿ ಹಿಡಿದುಕೊಂಡು ಬಂದರು. ತೋಳು ಮಡಿಸಿತ್ತು. "ಆತು ನೋಡು! ತಣ್ಣೀರಾಗ ಎಷ್ಟ್ ಚಂದ ಕೂಡ್ತದ," ಎಂದರು. ಮರುದಿನ ನಸುಕಿನಲ್ಲಿ ನಾನು ಮಗಳ ಶಾಲೆಯ ಕಡುನೀಲಿ ಪಿನಾಫೋರನ್ನು ಅದರಲ್ಲಿ ಜಾಲಿಸಿ ಒಣಗಹಾಕಿದೆ. ಸಂಜೆ ತೆಗೆದರೆ ಅದರ ಮೇಲೆಲ್ಲ ಅಕ್ಕಿಹಿಟ್ಟಿನ ಕೈ ಒರೆಸಿದಂಥ ಬಿಳಿ ಕಲೆ. ಬಕೆಟ್ಟಿನ ತಳದಲ್ಲಿ ಶಾವಿಗೆಯಂಥ ಎಳೆಗಳು ಇನ್ನೂ ಅಂಟಿಕೊಂಡಿದ್ದವು.

"ಪಪ್ಪಾ, ಇದನ್ನ ಹಾಕ್ಕೊಂಡು ಹೋದ್ರ ಮ್ಯಾಡಮ್ ನನಗ ಡಬ್ಬಾದಾಗಿನ ಮೊಸರನ್ನ ಚೆಲ್ಲಿಕೊಂಡಿ ಅಂತಾರ," ಎಂದಳು ಮಗಳು.

ಇವರು ಬಕೆಟ್ಟಿನಲ್ಲಿ ಉಳಿದಿದ್ದ ತಣ್ಣೀರಿಗೆ ಕೈ ಅದ್ದಿ, ತಟ್ಟನೆ ಹಿಂದಕ್ಕೆ ತೆಗೆದರು. ಆಮೇಲೆ ಕುರ್ಚಿಯಲ್ಲಿ ಕೂತು, ತಪ್ಪಿದ್ದು ಎಲ್ಲಿ ಎಂದು ಹೇಳಿದರು. ಕಾರ್ಖಾನೆಯ ಸಿಂಕಿಗೆ ನೀರು ಬರುವುದು ತಗಡಿನ ಮಾಡಿನ ಮೇಲಿಟ್ಟ ಕರಿ ಟ್ಯಾಂಕಿನಿಂದ. ಡಿಸೆಂಬರಾದರೂ ಪುಣೆಯ ಬಿಸಿಲು ಬಿಸಿಲೇ. ಇವರು ಪ್ರಯೋಗ ಮಾಡುವ ಹನ್ನೊಂದು ಗಂಟೆಗೆ ಆ ನೀರು ಮಗುವನ್ನು ಮೀಯಿಸುವಷ್ಟು ಹದವಾಗಿ ಕಾದಿರುತ್ತಿತ್ತು. ಕೆಂಪು ನಲ್ಲಿ, ನೀಲಿ ನಲ್ಲಿ ಎಂದು ಎರಡಿರುವಲ್ಲಿ ನೀಲಿಯನ್ನು ತಿರುಗಿಸಿ ಅವರು ಅದನ್ನೇ ತಣ್ಣೀರು ಎಂದುಕೊಂಡಿದ್ದರು.

ಅಲ್ಲಿಗೆ ನಮ್ಮ ಮನೆಯೇ ಲ್ಯಾಬೊರೇಟರಿಯಾಯಿತು. ಯಾಕೆಂದರೆ ನಿಜವಾದ ತಣ್ಣೀರು ನಮ್ಮ ಮನೆಯಲ್ಲಿತ್ತು, ಅತ್ತೆಯವರ ಮಡಿ ಬಕೆಟ್ಟಿನಲ್ಲಿ.

ನಮ್ಮ ಸೊಸೈಟಿಗೆ ಕಾರ್ಪೊರೇಶನ್ ನೀರು ಬರುತ್ತಿದ್ದದ್ದು ಬೆಳಿಗ್ಗೆ ಸ್ವಲ್ಪ ಹೊತ್ತು. ಉಳಿದದ್ದು ಟ್ಯಾಂಕರಿನ ಗಡಸುನೀರು. ನಲ್ಲಿ ಮೊದಲು ಗೊರ ಗೊರ ಅಂದು, ಗಾಳಿ ಬಿಟ್ಟು, ಆಮೇಲೆ ಬರುವ ಆ ಹೊಸನೀರಿನ ಮೊದಲ ಬಕೆಟ್ಟು ಅತ್ತೆಯವರದು. ಅದನ್ನು ಬೇರೆ ಯಾರೂ ಮುಟ್ಟುವಂತಿಲ್ಲ. ಅದರಲ್ಲೇ ಸ್ನಾನ, ಅದರಲ್ಲೇ ತಮ್ಮ ಇಳಕಲ್ ಸೀರೆಯನ್ನು ಜಾಲಿಸಿ, ಬಾಲ್ಕನಿಯಲ್ಲಿ ಎತ್ತರಕ್ಕೆ ಕಟ್ಟಿದ ಬಿದಿರಿನ ಮೇಲೆ ಮಡಿಕೋಲಿನಿಂದ ಹರವುತ್ತಿದ್ದರು. ಗೀಜರಿನ ನೀರು ಅವರಿಗೆ ಮಡಿಯಲ್ಲ. ಅವರು ಸೀರೆ ಹರವಿದ ಮೇಲೆ ಅದೇ ಧಾರೆಯಿಂದ ನಾನು ನನ್ನ ಬಕೆಟ್ಟು ತುಂಬಿಕೊಂಡು ಇವರು ತಂದ ದ್ರಾವಣವನ್ನು ಸುರಿದು ನೋಡುತ್ತಿದ್ದೆ. ಬೆರಳು ಸೆಟೆಯುವಂಥ ನೀರು. ಒಂದು ದಿನ ಶಾವಿಗೆ, ಒಂದು ದಿನ ಸಾಬುದಾಣಿ, ಇನ್ನೊಂದು ದಿನ ಮೊಸರಿನ ಕೆನೆ. ಇವರು ಹಿಂದೆ ನಿಂತು, ಹಲ್ಲುಜ್ಜುವ ಬ್ರಶ್ಶನ್ನು ಬಾಯಲ್ಲೇ ಇಟ್ಟುಕೊಂಡು ಇಣುಕುತ್ತಿದ್ದರು. ನಾನು ತಲೆ ಅಲ್ಲಾಡಿಸಿದರೆ ಬ್ರಶ್ಶು ಮತ್ತೆ ಚಲಿಸುತ್ತಿತ್ತು.

ಹಾಗಾದರೂ ದಿನದಿಂದ ದಿನಕ್ಕೆ ಎಳೆಗಳು ಕಡಿಮೆಯಾದವು. ಇವರು ಕಲಕುವ ವೇಗ ಬದಲಿಸಿದರು, ಒಂದಿಷ್ಟು ಉಪ್ಪು ಸೇರಿಸಿದರು, ನಿಧಾನವಾಗಿ ಆರಿಸಿದರು. ಒಂದು ಟವೆಲ್ಲು ಎಷ್ಟು ಮೃದುವಾಗಿ ಬಂತೆಂದರೆ ನಾನು ಅದನ್ನು ಮಣಿಕಟ್ಟಿಗೆ ತಾಗಿಸಿ, ಆಮೇಲೆ ಕೆನ್ನೆಗೂ ಒತ್ತಿಕೊಂಡೆ. ಅದನ್ನು ಅತ್ತೆಯವರು ನೋಡಿದರು.

ಚಳಿಗೆ ಅವರ ಮೊಣಕೈ ಒಡೆದಿತ್ತು. ಬಿದಿರಿನ ಮೇಲೆ ಒಣಗಿದ ಸೀರೆ ಹಪ್ಪಳದಂತೆ ಸೆಟೆದು ಆ ಜಾಗದಲ್ಲೇ ಉಜ್ಜುತ್ತಿತ್ತು. ನನಗೆ ಅದು ಗೊತ್ತಿತ್ತು. ಅವರು ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳುವುದನ್ನು ನೋಡುತ್ತಿದ್ದೆ. ಆದರೆ ಮರುದಿನ ಬೆಳಿಗ್ಗೆ ಅವರು ಯಾರಿಗೂ ಹೇಳದೆ, ಕಿಟಕಿಯಲ್ಲಿಟ್ಟಿದ್ದ ಬಾಟಲಿಯನ್ನು ಸೆರಗಿನಿಂದ ಹಿಡಿದು, ಒಂದು ಮುಚ್ಚಳ ತಮ್ಮ ಮಡಿ ಬಕೆಟ್ಟಿಗೇ ಸುರಿದುಕೊಳ್ಳುತ್ತಾರೆಂದು ನಾನು ಎಣಿಸಿರಲಿಲ್ಲ.

ಮಧ್ಯಾಹ್ನ ಪೂಜೆ ಮುಗಿಸಿ ನೈವೇದ್ಯದ ಬಟ್ಟಲು ಹಿಡಿದು ಬಂದಾಗ ಅವರ ಮುಖ ಹಬ್ಬದಂತಿತ್ತು. ಆ ದಿನ ಭಾನುವಾರ, ಇವರು ಮನೆಯಲ್ಲಿದ್ದರು.

"ಏನೋ, ನಿನ್ನ ಔಷಧ ಭಾಳ ಚಲೋ ಅದ. ಇವತ್ತ ನಾನೂ ಒಂದ್ ಟೋಪಣಾ ಹಾಕ್ಕೊಂಡೆ. ಸೀರಿ ನೋಡು, ಹತ್ತಿ ಹತ್ತಿ ಆಗೇದ!"

ಇವರ ಕೈಯಲ್ಲಿದ್ದ ಪೇಪರು ಕೆಳಗಿಳಿಯಿತು.

"ಮಡೀ ಸೀರಿಗೆ ಹಾಕಿದ್ಯಾ, ಅವ್ವಾ?"

"ಮತ್ತ? ಹಾಲಿನಂಗ ಅದ. ಏನಿರ್ತದ ಅದರಾಗ?"

ಇವರು ನನ್ನ ಮುಖ ನೋಡಿದರು. ನನಗೆ ಆಗಲೂ ತಿಳಿಯಲಿಲ್ಲ. ಸಾಬೂನು, ಅತ್ತರು ಎಂದು ಏನೋ ಹೇಳಿ ಮುಗಿಸಬಹುದಿತ್ತು. ಬೇರೆ ಯಾರಾದರೂ ಹಾಗೇ ಮಾಡುತ್ತಿದ್ದರು. ಇವರು ಎದ್ದು ನಿಂತರು, ಶಾಲೆಯಲ್ಲಿ ಉತ್ತರ ಹೇಳಲು ಎದ್ದ ಹುಡುಗನ ಹಾಗೆ.

"ಅವ್ವಾ, ಅದನ್ನ ಕೊಬ್ಬಿನಿಂದ ಮಾಡ್ತಾರ. ಪ್ರಾಣಿ ಕೊಬ್ಬು. ಹೊರಗಿಂದ ಡ್ರಮ್ಮಿನಾಗ ಬರ್ತದ. ಹೆಸರು ಬದಲಾಗಿರ್ತದ, ರೂಪ ಬದಲಾಗಿರ್ತದ, ಖರೆ ಮೂಲ ಅದೇ."

ಅತ್ತೆಯವರು ಕೂಗಾಡಲಿಲ್ಲ. ನೈವೇದ್ಯದ ಬಟ್ಟಲನ್ನು ಅಲ್ಲೇ ನೆಲದ ಮೇಲಿಟ್ಟರು. ಬಚ್ಚಲಿಗೆ ಹೋಗಿ ಮತ್ತೆ ತಣ್ಣೀರು ಸುರಿದುಕೊಂಡರು, ಬೇರೆ ಮಡಿಸೀರೆಯುಟ್ಟು ದೇವರ ಕೋಣೆಗೆ ಹೋಗಿ, ಮಾಡಿದ ಪೂಜೆಯನ್ನೇ ಮೊದಲಿನಿಂದ ಮಾಡಿದರು. ಆ ದಿನ ಊಟ ಮಾಡಲಿಲ್ಲ. ಆ ಇಳಕಲ್ ಸೀರೆಯನ್ನು ಮಡಿಕೋಲಿನ ತುದಿಯಲ್ಲಿ ಎತ್ತಿ ನಮ್ಮ ಮೈಲಿಗೆ ಬಟ್ಟೆಗಳ ಬುಟ್ಟಿಗೆ ಹಾಕಿದ್ದನ್ನು ಮಾತ್ರ ನಾನು ನೋಡಿದೆ. ಹಾಕುವ ಮೊದಲು ಒಂದು ಕ್ಷಣ ಕೋಲನ್ನು ಹಾಗೇ ಹಿಡಿದಿದ್ದರು.

ಸಂಜೆ ದೀಪ ಹಚ್ಚಿದ ಮೇಲೆ ಮಗನನ್ನು ಕರೆದರು.

"ನೀ ಖರೆ ಹೇಳಿದಿ, ಅದಕ್ಕ ನನಗ ಸಿಟ್ಟಿಲ್ಲ. ನಿನ್ನ ಕೋಣಿ ಹೋಗ್ಲಿ ಅಂತನೂ ನಾ ಅನ್ನೂದಿಲ್ಲ. ಆದರ ಅದು ಈ ಮನ್ಯಾಗ ಬ್ಯಾಡ. ಸೊಸಿ ಬಕೀಟಿಗೂ ಬ್ಯಾಡ."

"ಇಲ್ಲೆ ಬ್ಯಾಡಂದ್ರ ಎಲ್ಲೆ ನೋಡ್ಲಿ? ಅಲ್ಲೆ ನೀರು ಕಾದಿರ್ತದ."

"ಹಂಗಾರ ಇಲ್ಲೆ ತರೂವಂಥಾದ್ದು ಮಾಡ್ಕೊಂಡು ಬಾ."

ಅಷ್ಟೇ ಮಾತು. ಅವರಿಗೆ ರಸಾಯನಶಾಸ್ತ್ರವಾಗಲಿ ಹೋಟೆಲಾಗಲಿ ಬೇಕಿರಲಿಲ್ಲ. ತಮ್ಮ ಹೊಸ್ತಿಲು ದಾಟಿ ಏನು ಒಳಗೆ ಬರಬೇಕು ಎಂಬುದಷ್ಟೇ ಅವರ ಲೆಕ್ಕ. ಸಂಕ್ರಾಂತಿ ಹತ್ತಿರವಿತ್ತು. ಇವರು ಆ ರಾತ್ರಿ ಊಟದ ತಟ್ಟೆಯ ಮುಂದೆ ನನಗೆ ಹೇಳಿದ್ದು ಇಷ್ಟು: ಎಣ್ಣೆಬೀಜದ ಮೂಲದಿಂದಲೂ ಇದನ್ನು ಮಾಡಬಹುದು, ಅದು ಅವರಿಗೆ ಮೊದಲಿನಿಂದ ಗೊತ್ತು. ಅದು ತಣ್ಣಗಾದರೂ ಅಷ್ಟು ಗಡುಸಾಗುವುದಿಲ್ಲ, ನೀರಿಗೆ ಬೇಗ ಒಲಿಯುತ್ತದೆ. ಆದರೆ ಗಟ್ಟಿ ಕೊಬ್ಬಿನದರಷ್ಟು ಮೆತ್ತಗೆ ಮಾಡುವುದಿಲ್ಲ, ಮೇಲಾಗಿ ಎಣ್ಣೆಯ ವಾಸನೆ. ಮಾಲೀಕರು ಆಗಲೇ ಕೊಬ್ಬಿನ ಡ್ರಮ್ಮುಗಳನ್ನು ತರಿಸಿದ್ದರು. ಬೇರೆಯದನ್ನು ಕೇಳಲು ಇವರಿಗೆ ಬಾಯಿ ಬಂದಿರಲಿಲ್ಲ.

"ನಾಳೆ ಕೇಳ್ರಿ," ಎಂದೆ.

"ಏನಂತ ಕೇಳ್ಲಿ? ನಮ್ಮವ್ವನ ಮಡಿ ಅಂತ ಹೇಳ್ಲಿ?"

"ಹೇಳ್ರಿ. ಅವರಿಗೂ ತಾಯಿ ಇದ್ದಾರು."

ಅವರು ಅದನ್ನೇ ಹೇಳಿದರಂತೆ. ಮಾಲೀಕರು ಮೊದಲು ನಕ್ಕರು. ಆಮೇಲೆ ತಮ್ಮ ಆಯಿಯೂ ಉಪವಾಸದ ದಿನ ಬೇರೆಯವರ ಕೈಯ ನೀರು ಕುಡಿಯುವುದಿಲ್ಲವೆಂದು ಹೇಳಿ, ಒಂದು ಸಣ್ಣ ಕ್ಯಾನು ಎಣ್ಣೆ ಮೂಲದ್ದನ್ನು ತರಿಸಿಕೊಟ್ಟರು. ಡ್ರಮ್ಮುಗಳನ್ನು ಏನು ಮಾಡುವುದೆಂದು ಕೇಳಿ ಬೈದರು ಕೂಡ.

ಆ ಮೇಲಿನ ಬೆಳಗುಗಳನ್ನು ನಾನು ಬಹಳ ಪ್ರೀತಿಯಿಂದ ನೆನೆಯುತ್ತೇನೆ. ಈ ಸಲ ಬಾಟಲಿ ಒಳಗೆ ಬರುವ ಮೊದಲು ಅತ್ತೆಯವರು ಬಾಗಿಲಲ್ಲೇ ತಡೆದು ಕೇಳುತ್ತಿದ್ದರು, "ಎಣ್ಣಿದ?" ಇವರು "ಎಣ್ಣಿದ" ಎಂದರೆ ದಾರಿ ಬಿಡುತ್ತಿದ್ದರು. ಮೊದಲನೆಯದೇ ನೀರಿಗೆ ಬಿದ್ದ ಕೂಡಲೇ ಹರಡಿತು. ಶಾವಿಗೆಯಿಲ್ಲ, ಕೆನೆಯಿಲ್ಲ, ಬಕೆಟ್ಟೆಲ್ಲ ತೆಳುವಾದ ಮಜ್ಜಿಗೆಯ ಬಣ್ಣ. ನಾನು ಕೂಗಿಯೇಬಿಟ್ಟೆ. ಆದರೆ ಟವೆಲ್ಲು ಒಣಗಿದ ಮೇಲೆ ಮಣಿಕಟ್ಟಿಗೆ ತಾಗಿಸಿದರೆ ಮೊದಲಿನ ಸುಖವಿಲ್ಲ. ವಾಸನೆಯಂತೂ ಮಕ್ಕಳ ಮೇಣದ ಬಣ್ಣದ ಕಡ್ಡಿಗಳ ಡಬ್ಬಿ ತೆರೆದಂತೆ.

ಇವರು ಎರಡು ಟವೆಲ್ಲು ಬೆನ್ನ ಹಿಂದೆ ಹಿಡಿದು ಬರುವರು. ನಾನು ಕಣ್ಣು ಮುಚ್ಚಿ ಕೈ ಚಾಚುವೆ. "ಎಡಗಡೀದು ಚಲೋ. ಬಲಗಡೀದು ಮ್ಯಾಲೆ ಮೆತ್ತಗದ, ಒಳಗ ಜಿಡ್ಡದ." ಅವರು ಹಾಗೇ ಹೋಗಿ ಬೆರಕೆ ಬದಲಿಸಿಕೊಂಡು ಬರುವರು. ಅತ್ತರು ಸೇರಿಸಿದ ದಿನ ಅತ್ತೆಯವರು ಮೂಗಿಗೆ ಸೆರಗು ಹಿಡಿದು, "ಇದೇನು, ಮದವಿ ಮನಿ ಬಸ್ಸಿನಾಗ ಕೂತಂಗಾತು," ಎಂದರು. ಅತ್ತರು ಅರ್ಧಕ್ಕಿಳಿಯಿತು. ಇವರ ಕೆಲಸದ ಬಗ್ಗೆ ನಾವಿಬ್ಬರೂ ಅಷ್ಟು ಮಾತಾಡಿದ್ದು ಅದಕ್ಕೆ ಮೊದಲೂ ಇಲ್ಲ, ಆಮೇಲೂ ಇಲ್ಲ. ಜಿಡ್ಡು ಎಂಬ ನನ್ನ ಮಾತಿಗೆ ಒಬ್ಬ ಕೆಮಿಸ್ಟು ತಲೆ ಕೆರೆದುಕೊಂಡು ಯೋಚಿಸುವುದನ್ನು ನೋಡುವುದೇ ನನಗೆ ಒಂದು ಸಂಭ್ರಮವಾಗಿತ್ತು.

ಕಡೆಗೆ ಒಂದು ಟವೆಲ್ಲು ಬಂತು. ಕೊಬ್ಬಿನದರಷ್ಟಲ್ಲ, ಆದರೆ ಕೈಗೆ ಹಗುರ, ಜಿಡ್ಡಿಲ್ಲ. "ಇದು ಸಾಕು," ಎಂದೆ. ಸಾಕೇ ಎಂಬುದನ್ನು ಹೇಳಬೇಕಾದವರು ಲೋಣಾವಳಾದವರು.

ಸಂಕ್ರಾಂತಿಗೆ ಮುಂಚೆ ಒಂದು ಬೆಳಿಗ್ಗೆ ಮಾಲೀಕರ ಕಾರಿನಲ್ಲಿ ಹೊರಟೆವು. "ನೀನೂ ಬಾ, ಒಣಗಿದ್ದನ್ನ ಮುಟ್ಟಿ ನೋಡು," ಎಂದು ಇವರೇ ಕರೆದಿದ್ದರು. ಹೋಟೆಲಿನ ಹಿಂಬದಿಯಲ್ಲಿ ಲಾಂಡ್ರಿ. ಮಂಜು ಇನ್ನೂ ಕರಗಿರಲಿಲ್ಲ, ನೆಲವೆಲ್ಲ ಒದ್ದೆ. ಅಲ್ಲಿ ಕೆಲಸ ಮಾಡುವ ಹೆಂಗಸು ನಾವು ನಮ್ಮೊಳಗೆ ಮಾತಾಡಿಕೊಳ್ಳುವುದನ್ನು ಕೇಳಿ ಸೊಂಟಕ್ಕೆ ಕೈಯಿಟ್ಟು ನಿಂತಳು.

"ಯಕ್ಕಾ, ನಮ್ಮ ಕಡ್ಯಾರೇನ್ರಿ ನೀವು?"

"ಧಾರವಾಡದ ಕಡೆ."

"ನಾವ್ ಸೇಡಂ ಕಡಿ. ಬರ್ರಿ ಬರ್ರಿ, ಎದಕ್ಕ ಬಂದೀರಿ?" ಎಂದು ಕ್ಯಾನನ್ನು ನೋಡಿ, "ಇದನ್ನ ಹಾಕಬೇಕೇನು? ತರ್ರಿ ಇಲ್ಲಿ," ಎಂದಳು.

ಎಷ್ಟು ಹಾಕಬೇಕು, ಹೇಗೆ ನಿಧಾನ ಸುರಿಯಬೇಕು ಎಂದು ಇವರು ದಾರಿಯುದ್ದಕ್ಕೂ ಮಾತು ಜೋಡಿಸಿಟ್ಟುಕೊಂಡಿದ್ದರು. ಅವಳು ಕೇಳಲೇ ಇಲ್ಲ. ಟಬ್ಬಿನ ತಣ್ಣೀರಿಗೆ ಎತ್ತರದಿಂದ, ಎಮ್ಮೆಗೆ ಹಿಂಡಿ ಸುರಿದಂತೆ, ಗಳಗಳ ಸುರಿದುಬಿಟ್ಟಳು. ಕಲಕಲೂ ಇಲ್ಲ. ಇವರು "ಬಾಯೀ, ಸ್ವಲ್ಪ..." ಎಂದು ಮುಂದೆ ಹೋದರು. ನಾನು ಅವರ ತೋಳು ಹಿಡಿದೆ. ಹೋಟೆಲಿನಲ್ಲಿ ದಿನವೂ ಸುರಿಯುವವಳು ಅವಳೇ, ಅವಳು ಸುರಿದಂತೆಯೇ ಕೂಡಬೇಕು. ಅವರಿಗೂ ಅದು ತಿಳಿಯಿತು, ನಿಂತರು.

ಬಿಳುಪು ಮೊದಲು ಒಂದು ಕಡೆ ಮುದ್ದೆಯಾಗಿ ನಿಂತಿತು. ಮಾಲೀಕರು ಕನ್ನಡಕ ಸರಿಮಾಡಿಕೊಂಡರು. ಆಮೇಲೆ ಅಂಚು ಸಡಿಲವಾಗಿ, ಹೊಗೆ ಹರಡಿದ ಹಾಗೆ ತಾನಾಗಿ ಹರಡುತ್ತ ಹೋಗಿ, ಟಬ್ಬಿನ ತಳ ಕಾಣದಾಯಿತು. ಅವಳು ಕೈ ಅದ್ದಿ, ಬೆರಳುಗಳನ್ನು ಬಿಡಿಸಿ ಎತ್ತಿದಳು. ಏನೂ ಅಂಟಿರಲಿಲ್ಲ.

"ಥಂಡ್ ಅದ ತಗೋರಿ ನೀರು!" ಎಂದಳು ಅಷ್ಟೇ.

ವೇಟರುಗಳ ಕಪ್ಪು ಏಪ್ರನ್ನುಗಳನ್ನೇ ಹಾಕಲು ಮಾಲೀಕರು ಹೇಳಿದರು. ಯಂತ್ರದಲ್ಲಿ ಒಣಗಿ ಬಂದಾಗ ಕಲೆಯಿರಲಿಲ್ಲ. ಎಲ್ಲರೂ ನನ್ನ ಕಡೆ ನೋಡಿದರು. ನಾನು ಮಣಿಕಟ್ಟಿಗೆ ತಾಗಿಸಿ, ಇನ್ನೂ ಬೆಚ್ಚಗಿದ್ದ ಆ ಬಟ್ಟೆಯನ್ನು ಸುಮ್ಮನೆ ಲಾಂಡ್ರಿಯ ಹೆಂಗಸಿಗೆ ಕೊಟ್ಟೆ. ಅವಳು ಅದರಿಂದ ಮುಖ ಒರೆಸಿಕೊಂಡು, "ಛಂದ ಅದ," ಎಂದಳು. ಹೋಟೆಲಿನ ಮ್ಯಾನೇಜರು ಎರಡು ಕ್ಯಾನು ಕಳಿಸಿ ಎಂದರು.

ಅಲ್ಲಿಂದ ಕಾರಿನಲ್ಲಿ ಪುಣೆಗೆ ಹಿಂದಿರುಗಿದೆವು. ಮಂಜು ಹರಿದು ಬಿಸಿಲು ಬಿದ್ದ ಮೇಲೆ ಮಾಲೀಕರು, ಮುಂದಿನ ಲಾರಿಯನ್ನೇ ನೋಡುತ್ತ, ಯಾರಿಗೋ ಹೇಳಿದಂತೆ ಮರಾಠಿಯಲ್ಲಿ ಅಂದರು: "ಗೋದಾಮಾಸಾಠಿ ದುಸರೀ ಜಾಗಾ ಬಘಾವೀ ಲಾಗೇಲ." ಗೋದಾಮಿಗೆ ಬೇರೆ ಜಾಗ ನೋಡಬೇಕಾಗುತ್ತದೆ. ಇವರು "ಹೋ" ಎಂದರು, ಸಣ್ಣ ದನಿಯಲ್ಲಿ. ಕಿಟಕಿ ಕಡೆ ತಿರುಗಿ ಕೂತರು.

ಮನೆಗೆ ಬಂದಾಗ ಅತ್ತೆಯವರು ಬಾಗಿಲಲ್ಲೇ ಇದ್ದರು. ಮಾಲೀಕರು ಏನೆಂದರು, ಹೋಟೆಲು ಎಷ್ಟು ದೊಡ್ಡದಿತ್ತು ಎಂದೇನೂ ಕೇಳಲಿಲ್ಲ.

"ನೀರಾಗ ಕೂಡ್ತೇನು?"

"ಕೂಡ್ತು, ಅವ್ವಾ. ಕೋಣಿ ಉಳೀತು."

"ಹಂಗಾರ ಕೈಕಾಲ್ ತೊಳ್ಕೋರಿ. ಸಾರು ಆರ್ಲಿಕ್ಕತ್ತದ."

ಆಮೇಲೆ ಒಮ್ಮೆ ಎಣ್ಣೆಯದನ್ನು ಅವರ ಸೀರೆಗೂ ಹಾಕಿಕೊಟ್ಟೆ. ಉಟ್ಟು ನೋಡಿ, ನಿರಿಗೆ ನಿಲ್ಲುವುದಿಲ್ಲ, ಜಾರುತ್ತದೆ ಎಂದು ಹಪ್ಪಳದಂಥ ಸೀರೆಗೇ ಮರಳಿದರು. ಅವರು ಹೋಗಿ ಕೆಲವು ವರ್ಷಗಳಾದವು. ಕಾರ್ಖಾನೆ ದೊಡ್ಡದಾಗಿದೆ, ನದಿಯಾಚೆಯ ಖರಾಡಿಯಿಂದಲೂ ಬಾಟಲಿ ಕೇಳಿ ಬರುತ್ತಾರೆ. ಇವರ ಕೂದಲು ಬೆಳ್ಳಗಾಗಿದೆ. ಬಸ್ ಸ್ಟಾಪಿಗೆ ನಡೆಯುವುದು ಈಗ ನಿಧಾನ. ಆದರೂ ಅದೇ ಕೋಣೆಗೇ ಹೋಗುತ್ತಾರೆ.